ಕೆಂಪು ದೀಪಕ್ಕೆ ಬಿಂದಿ

ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೂ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಎಚ್ಚರಿಕೆ ಕೊಡುವ ಕೆಂಪು ದೀಪ ಆರಲಿಲ್ಲ. ಮಾಲೀಕ ಗುರುಬಸಪ್ಪ ಮಹಾ ಬುದ್ಧಿವಂತ, ಹೆಂಡತಿಯ ಬಿಂದಿ ತಂದು ಅದರ ಮೇಲೆ ಅಂಟಿಸಿಬಿಟ್ಟ. ದೀಪವನ್ನು ಕೆಣಕಲು ಹಾರನ್ನಿಗೆ ಅಷ್ಟೇ ಸಾಕಾಯಿತು.

"ಹೊಸ ಸೊಸೆ ಮನೆ ತುಂಬಿದರೂ ನಿನ್ನ ಕೊಂಕು ನಿಲ್ಲಲಿಲ್ಲವಲ್ಲಮ್ಮ. ನಾಳೆ ನಿನ್ನನ್ನು ಕಿತ್ತು ಬಿಸಾಡ್ತಾರಂತೆ."

ದೀಪ ಆ ಮಾತನ್ನು ಬದಿಗಿಟ್ಟು ಹೊಸ ಪ್ಯಾಡನ್ನು ಕೂಗಿ ಕೇಳಿತು. "ನಿಜ ಹೇಳೇ ಹುಡುಗಿ, ನಿನ್ನಲ್ಲಿ ಏನಾದರೂ ಊನ ಇದೆಯಾ?"

"ಇಲ್ಲ ಅತ್ತೆ, ಗಟ್ಟಿಯಾಗೇ ಇದ್ದೀನಿ. ನನ್ನ ಸುದ್ದಿ ನಿಮಗೆ ಮುಟ್ಟಿಸೋ ವೈರನ್ನ ಮೆಕ್ಯಾನಿಕ್ ಸಿಕ್ಕಿಸೋಕೇ ಮರೆತಿದ್ದಾನೆ. ಇಲ್ಲೇ ಜೋತಾಡ್ತಿದೆ."

"ಹಾಗಾದರೆ ನಾನು ಆರೋದಿಲ್ಲ. ನಿನ್ನ ಕ್ಷೇಮ ತಿಳಿಯದೆ ಹೇಗೆ ಸುಮ್ಮನಿರಲಿ?"

ದೀಪ ಹಟ ಹಿಡಿದು ಬಿಂದಿಯ ಸುತ್ತಲೂ ಕೆಂಪಗೆ ಹರಡಿತು. ಕಾರು ಓಡಿಸುತ್ತಿದ್ದ ಗುರುಬಸಪ್ಪನ ಪಕ್ಕದಲ್ಲಿ ಕೂತ ಹೆಂಡತಿ ನೀಲಮ್ಮನ ಕಣ್ಣಿಗೆ ಅದು ಬಿತ್ತು.

"ಏನ್ರೀ, ನನ್ನ ಬಿಂದಿ ಅಂಟಿಸಿದರೆ ಬ್ರೇಕ್ ಹಿಡಿಯುತ್ತಾ? ಮೊದಲು ಗ್ಯಾರೇಜಿಗೆ ತಿರುಗಿಸಿ."

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡು ವೈರನ್ನು ಸಿಕ್ಕಿಸಿದ. ದೀಪ ತಣ್ಣಗೆ ಆರಿತು.

"ಕೊನೆಗೂ ಸೋತೆಯಲ್ಲ?" ಎಂದಿತು ಹಾರನ್ನು.

"ಹುಡುಗಿಯ ಸುದ್ದಿ ಬಂತು ಕಣೋ," ಎಂದಿತು ದೀಪ, "ಇನ್ನು ನೆಮ್ಮದಿಯಾಗಿ ಮಲಗ್ತೀನಿ."