ಹೆಸರು ತಿಳಿಯದ ರುಚಿ

"ಗುರುಗಳೇ, ಇನ್ನೊಬ್ಬರು ಮಾಡಿದ್ದನ್ನು ಒರೆಗೆ ಹಚ್ಚಿ ಹೇಳುವವನು ಯಾವುದಕ್ಕೆ ಹೆದರಬೇಕು?"

ಕೇಳಿದವನು ಕಲ್ಲಯ್ಯ. ಮಠದಲ್ಲಿ ಓದಲು ಬಂದವರಲ್ಲಿ ಅವನೇ ಹಿರಿಯ. ಹೊಸಬರು ಬರೆದ ಪದ್ಯಗಳನ್ನು ಓದಿ ಸರಿತಪ್ಪು ಹೇಳುವ ಕೆಲಸವನ್ನು ಗುರುಗಳು ಅವನಿಗೆ ಆಗಷ್ಟೇ ಒಪ್ಪಿಸಿದ್ದರು. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು.

"ನಿನಗೆ ಯಾವುದರ ಹೆದರಿಕೆ?" ಎಂದು ಅವರು ಕೇಳಿದರು.

"ತಪ್ಪು ಹೇಳಿಬಿಟ್ಟೇನೆಂದು."

"ಅದು ಚಿಕ್ಕ ಹೆದರಿಕೆ. ಕೂತುಕೋ. ಒಬ್ಬ ವರ್ತಕನಿಗೆ ಆದದ್ದನ್ನು ಹೇಳುತ್ತೇನೆ."

ಕಲ್ಲಯ್ಯ ಕೂತ. ಗುರುಗಳು ಹೇಳತೊಡಗಿದರು.

ಘಟ್ಟದ ಕೆಳಗಿನ ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಮೆಣಸು, ಏಲಕ್ಕಿ, ಲವಂಗ, ದಾಲ್ಚಿನ್ನಿ ಮಾರುತ್ತಿದ್ದ. ಮಾಲಿಗಿಂತ ಅವನ ನಾಲಿಗೆಗೆ ಹೆಸರು ಹೆಚ್ಚಿತ್ತು. ದಾಲ್ಚಿನ್ನಿಯ ಚೂರೊಂದನ್ನು ಕಚ್ಚಿದರೆ ಅದು ಯಾವ ಕಡೆಯ ಕಾಡಿನದು, ಬಿಸಿಲಿನಲ್ಲಿ ಒಣಗಿದ್ದೋ ನೆರಳಿನಲ್ಲೋ ಎಂದು ಹೇಳುತ್ತಿದ್ದ. ಹೇಳಿದ್ದು ಸರಿಯಾಗಿರುತ್ತಿತ್ತು. ಯಾರಾದರೂ ಹೊಸ ಉಪ್ಪಿನಕಾಯಿ ಹಾಕಿದರೆ, ಹೊಸ ಪಾನಕ ಮಾಡಿದರೆ ಮೊದಲು ಅವನಿಗೆ ತಂದು ಕೊಡುತ್ತಿದ್ದರು. ಅವನು ಒಳ್ಳೆಯದು ಎಂದರೆ ಅದು ಪೇಟೆಯಲ್ಲಿ ನಡೆಯುತ್ತಿತ್ತು. ಸುಮ್ಮನಿದ್ದರೆ ನಡೆಯುತ್ತಿರಲಿಲ್ಲ.

ಅವನು ಕೆಟ್ಟವನಲ್ಲ. ಯಾರ ಮೇಲಿನ ಸಿಟ್ಟಿಗೂ ಒಳ್ಳೆಯ ರುಚಿಯನ್ನು ಕೆಟ್ಟದ್ದೆಂದವನಲ್ಲ. ಉಡುಗೊರೆ ಕೊಟ್ಟು ಅವನಿಂದ ಹೊಗಳಿಕೆ ಪಡೆದವರೂ ಇರಲಿಲ್ಲ. ಅವನದು ಒಂದೇ ಕಟ್ಟಳೆ. ಬಟ್ಟಲಲ್ಲಿ ಏನಿದೆ ಎಂದು ಯಾರೂ ಅವನಿಗೆ ಹೇಳಬಾರದು. ಅವನೇ ಹೇಳಬೇಕು.

ಆ ಪೇಟೆಯಲ್ಲಿ ಒಂದು ಛತ್ರವಿತ್ತು. ಘಟ್ಟ ಹತ್ತುವವರು, ಇಳಿಯುವವರು ಅಲ್ಲಿ ತಂಗುತ್ತಿದ್ದರು. ದಣಿದು ಬಂದವರಿಗೆ ಬಿಸಿಯಾಗಿ ಕುಡಿಯಲು ಏನಾದರೂ ಕೊಡಬೇಕೆಂದು ಪೇಟೆಯ ಹಿರಿಯರು ಯೋಚಿಸಿದರು. ಅದು ಕಿವಿಗೆ ಬಿದ್ದ ಒಬ್ಬ ರೈತ ಮೇಲಿನ ಹಳ್ಳಿಯಿಂದ ಒಂದು ಗಂಟು ಕಷಾಯದ ಪುಡಿ ತಂದ. ಅವನ ಜಮೀನಿನಲ್ಲಿ ಹುಳಿ ಹಣ್ಣು ಬಿಡುವ ಮುರುಗಲು ಮರಗಳಿದ್ದವು, ನಾಲ್ಕಾರು ಕಿತ್ತಳೆ ಗಿಡಗಳಿದ್ದವು. ಆ ಕಡೆ ಗಾಡಿ ಹೋಗುವ ದಾರಿ ಇರಲಿಲ್ಲವಾದ್ದರಿಂದ ಹಣ್ಣು ವರ್ಷವರ್ಷವೂ ಮರದ ಕೆಳಗೇ ಕೊಳೆಯುತ್ತಿತ್ತು. ಅವನ ಹೆಂಡತಿ ಆ ಹಣ್ಣಿನ ಸಿಪ್ಪೆಗಳನ್ನು ಒಣಗಿಸಿ ಕಷಾಯದ ಪುಡಿ ಮಾಡಿದ್ದಳು. ಛತ್ರದವರು ಒಪ್ಪಿದರೆ ಗಂಡಹೆಂಡಿರ ದುಡಿಮೆಗೆ ಒಂದು ದಾರಿಯಾಗುತ್ತಿತ್ತು.

ಹಿರಿಯರು ಅವನನ್ನು ವರ್ತಕನ ಅಂಗಡಿಗೆ ಕರೆತಂದರು. ಅಲ್ಲೇ ನೀರು ಕಾಯಿಸಿ, ಪುಡಿ ಹಾಕಿ, ಕುದಿಸಿ, ಸೋಸಿದರು. ಕಷಾಯಕ್ಕೆ ದಾಳಿಂಬೆ ಕಾಳಿನ ಬಣ್ಣ ಬಂದಿತ್ತು. ರೈತ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಇಟ್ಟ.

"ಸಾಹುಕಾರರೇ, ಇದರಲ್ಲಿ ನನ್ನ ಹೆಂಡತಿ..." ಎಂದು ಅವನು ಶುರು ಮಾಡಿದ.

ವರ್ತಕ ಕೈ ಎತ್ತಿ ತಡೆದ. "ಹೇಳಬೇಡ. ಹೇಳಿಸಿಕೊಂಡು ರುಚಿ ನೋಡುವವನಲ್ಲ ನಾನು."

ಬಟ್ಟಲನ್ನು ಮೂಗಿನ ಹತ್ತಿರ ಹಿಡಿದ. ಒಂದು ಗುಟುಕು ಕುಡಿದ. ಬಾಯಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನುಂಗಿದ.

"ಮುರುಗಲು ಸಿಪ್ಪೆ" ಎಂದ. "ಹುಳಿ ಚುಚ್ಚುವುದಿಲ್ಲ. ಚೆನ್ನಾಗಿ ಹಣ್ಣಾದ ಮೇಲೆ ಬಿಡಿಸಿದ್ದು. ಅದರ ಹಿಂದೆ ಒಣದ್ರಾಕ್ಷಿಯ ಸಿಹಿ ಇದೆ. ಬೆಲ್ಲ ಹಾಕಿಲ್ಲ, ಒಳ್ಳೆಯದಾಯಿತು. ಕಿತ್ತಳೆ ಸಿಪ್ಪೆಯ ಸಣ್ಣ ಕಹಿ. ದಾಲ್ಚಿನ್ನಿ. ಒಣಶುಂಠಿ. ಲವಂಗ ಇದೆ, ಇದ್ದೂ ಇಲ್ಲದ ಹಾಗಿದೆ. ಕೈ ಹಿಡಿತ ಬಲ್ಲವರು ಹಾಕಿದ್ದು."

ರೈತ ಒಂದೊಂದಕ್ಕೂ ತಲೆಯಾಡಿಸಿದ. ಅವನ ಮುಖ ಅರಳಿತು. ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಲಸ ಆಯಿತು ಎಂದೇ ಎಲ್ಲರೂ ಅಂದುಕೊಂಡರು.

ಆದರೆ ವರ್ತಕನ ಗಂಟಲಿನಲ್ಲಿ ಇನ್ನೂ ಒಂದು ರುಚಿ ಉಳಿದಿತ್ತು. ಉಳಿದೆಲ್ಲ ಕರಗಿದ ಮೇಲೆ ಅದು ಮೆಲ್ಲಗೆ ಮೇಲೆ ಬಂದಿತ್ತು. ಹೂವಿನದಲ್ಲ, ಹಣ್ಣಿನದಲ್ಲ, ತೊಗಟೆಯದೂ ಅಲ್ಲ. ಖಾರವೂ ಅಲ್ಲ, ತಂಪೂ ಅಲ್ಲ. ಅಂಥದ್ದನ್ನು ಅವನು ಎಂದೂ ಕುಡಿದಿರಲಿಲ್ಲ. ಇನ್ನೊಂದು ಗುಟುಕು ಕುಡಿದ. ಅದು ಮತ್ತೆ ಬಂತು. ಬಟ್ಟಲಿನಲ್ಲಿದ್ದ ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಉಳಿದವು ಒಂದಕ್ಕೊಂದು ಹೊಂದಿಕೊಂಡದ್ದೂ ಅದರಿಂದಲೇ. ಅದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅದರ ಹೆಸರು ಮಾತ್ರ ತಿಳಿಯಲಿಲ್ಲ.

ಇದೊಂದು ಯಾವುದು ಎಂಬ ಮಾತು ಬಾಯಿಯವರೆಗೆ ಬಂತು. ತಲೆ ಎತ್ತಿ ನೋಡಿದ. ಅಂಗಡಿಯ ಮುಂದೆ ಜನ ಸೇರಿದ್ದರು. ಇಷ್ಟು ವರ್ಷ ಅವನು ಯಾರ ಮುಂದೆಯೂ ಆ ಮಾತು ಆಡಿರಲಿಲ್ಲ. ಮಾತನ್ನು ನುಂಗಿಕೊಂಡ.

"ಎಲ್ಲವೂ ಸರಿಯಾಗಿದೆ" ಎಂದ. "ಒಂದು ಮಾತ್ರ ಬೇಡದ್ದು ಸೇರಿದೆ. ಅದನ್ನು ತೆಗೆದುಬಿಟ್ಟರೆ ಕಷಾಯ ಹದಕ್ಕೆ ಬರುತ್ತದೆ."

"ಯಾವುದು ಸಾಹುಕಾರರೇ?"

"ಕೊನೆಯಲ್ಲಿ ಗಂಟಲಿನಲ್ಲಿ ನಿಲ್ಲುವುದು. ಮಾಡಿದವರಿಗೆ ಗೊತ್ತಾಗುತ್ತದೆ."

ರೈತ ಬೆರಗಾಗಿ ನಿಂತ. ಅಷ್ಟು ಕಡಿಮೆ ಹಾಕಿದ್ದನ್ನೂ ಈ ಮಹಾನುಭಾವ ಹಿಡಿದುಬಿಟ್ಟನಲ್ಲ ಎಂದು ಕೈ ಮುಗಿದ. ಹೆಂಡತಿಗೆ ಹೇಳಿ ತೆಗೆಸುತ್ತೇನೆ ಎಂದು ಹಳ್ಳಿಗೆ ಹೊರಟ. ಅವನು ಬೀದಿಯ ತಿರುವು ದಾಟುವವರೆಗೆ ವರ್ತಕ ನೋಡುತ್ತಲೇ ಇದ್ದ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಮುಂದಿನ ಸಂತೆಗೆ ರೈತ ಹೊಸ ಪುಡಿ ತಂದ. ವರ್ತಕ ಕುಡಿದ. ಮುರುಗಲು, ದ್ರಾಕ್ಷಿ, ಕಿತ್ತಳೆ, ದಾಲ್ಚಿನ್ನಿ, ಶುಂಠಿ, ಲವಂಗ. ಎಲ್ಲವೂ ಇದ್ದವು. ನುಂಗಿದ ಮೇಲೆ ಏನೂ ಇರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ "ಸರಿಯಾಗಿದೆ" ಎಂದ.

ಛತ್ರದಲ್ಲಿ ಆ ಕಷಾಯ ನಡೆಯತೊಡಗಿತು. ದಾರಿಹೋಕರು ಮೆಚ್ಚಿದರು. ರೈತನ ಹಣ್ಣು ಕೊಳೆಯುವುದು ನಿಂತಿತು. ಒಳ್ಳೆಯ ಕಷಾಯವೇ ಅದು, ಅದರಲ್ಲಿ ಕೊರತೆ ಹುಡುಕುವವರು ಯಾರೂ ಇರಲಿಲ್ಲ. "ಮೊದಲು ಅದರಲ್ಲಿ ಏನೋ ಬೇಡದ್ದು ಇತ್ತಂತೆ, ಸಾಹುಕಾರರು ಹಿಡಿದು ತೆಗೆಸಿದರಂತೆ" ಎಂದು ಜನ ಮಾತಾಡಿಕೊಂಡರು. ವರ್ತಕನ ಹೆಸರು ಇನ್ನಷ್ಟು ದೊಡ್ಡದಾಯಿತು.

ಮರೆತುಹೋಗುತ್ತದೆ ಎಂದು ವರ್ತಕ ಅಂದುಕೊಂಡಿದ್ದ. ಮರೆಯಲಿಲ್ಲ. ಊಟ ಮಾಡಿದ ಮೇಲೆ ಗಂಟಲು ಅದನ್ನೇ ಕಾಯುತ್ತಿತ್ತು. ಅಂಗಡಿಯ ಚೀಲಗಳನ್ನೆಲ್ಲ ಬಿಚ್ಚಿ ಮೂಸಿದ. ಬೇರುಗಳನ್ನು ತರಿಸಿದ, ಬೀಜಗಳನ್ನು ತರಿಸಿದ. ಮನೆಯಲ್ಲಿ ಒಬ್ಬನೇ ಕೂತು ಕುದಿಸಿ ಕುಡಿದ. ಯಾವುದೂ ಅದಲ್ಲ. ಛತ್ರದ ಕಷಾಯವನ್ನು ಯಾರಾದರೂ ಅವನೆದುರು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದ.

ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು, ಮಳೆಗಾಲ ಕಳೆದ ಮೇಲೆ, ಘಟ್ಟ ಹತ್ತಿ ರೈತನ ಹಳ್ಳಿಗೆ ಹೋದ. ರೈತ ಗದ್ದೆಯಲ್ಲಿದ್ದ. ಅವನ ಹೆಂಡತಿ ಅಂಗಳದಲ್ಲಿ ಸಿಪ್ಪೆ ಹರವುತ್ತಿದ್ದಳು. ಯಾರೆಂದು ತಿಳಿದ ಕೂಡಲೇ ಚಾಪೆ ಹಾಸಿದಳು, ಕೈಕಾಲಿಗೆ ನೀರು ಕೊಟ್ಟಳು, ಬಿಸಿ ಕಷಾಯ ತಂದಿಟ್ಟಳು. ಅವನು ಬಟ್ಟಲನ್ನು ಮುಟ್ಟಲಿಲ್ಲ.

"ತಾಯಿ, ಮೊದಲು ಇದಕ್ಕೆ ಇನ್ನೊಂದು ಏನನ್ನೋ ಹಾಕುತ್ತಿದ್ದಿರಿ. ಅದು ಯಾವುದು?"

ಅವಳು ಹೆಸರು ಹೇಳಿದಳು. ವರ್ತಕ ಆ ಹೆಸರನ್ನು ಕೇಳಿದ್ದು ಅದೇ ಮೊದಲು.

"ಒಂದು ಬಳ್ಳಿ" ಎಂದಳು ಅವಳು. "ನನ್ನ ತವರಿನ ಹಿತ್ತಲಲ್ಲಿತ್ತು. ನಮ್ಮಮ್ಮ ಅದರ ಎಲೆಯನ್ನು ನೆರಳಲ್ಲಿ ಒಣಗಿಸಿ ಎಲ್ಲ ಕಷಾಯಕ್ಕೂ ಒಂದು ಚಿಟಿಕೆ ಹಾಕುತ್ತಿದ್ದಳು. ಅಮ್ಮ ಹೋದ ಮೇಲೆ ಆ ಹಿತ್ತಲು ಬೇರೆಯವರ ಕೈಗೆ ಹೋಯಿತು, ಅವರು ಎಲ್ಲ ಸವರಿ ಮನೆ ಕಟ್ಟಿದರು. ಅದಕ್ಕೂ ಮುಂಚೆ ನಾನು ಬೇರು ಸಮೇತ ತಂದು ಇಲ್ಲಿ ಬೇಲಿಗೆ ಹಬ್ಬಿಸಿದ್ದೆ."

ವರ್ತಕ ಬೇಲಿಯ ಕಡೆ ತಿರುಗಿದ. ಅಲ್ಲಿ ಅವರೆ ಬಳ್ಳಿ ಹಬ್ಬಿತ್ತು.

"ಈಗ ಎಲ್ಲಿದೆ ತಾಯಿ?"

"ಕಿತ್ತು ಹಾಕಿದೆ. ಬೇಡದ್ದು ಅಂದಿರಂತೆ. ಅಷ್ಟು ತಿಳಿದವರು ಹೇಳಿದ ಮೇಲೆ ಅದನ್ನು ಕಣ್ಣೆದುರು ಇಟ್ಟುಕೊಂಡು ಏನು ಮಾಡಲಿ? ಅಮ್ಮನಿಗೆ ರುಚಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ ಅಂದುಕೊಂಡೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ವರ್ತಕನಿಗೆ ಅದನ್ನೇ ತಾಳಿಕೊಳ್ಳಲು ಆಗಲಿಲ್ಲ. ತಲೆ ತಗ್ಗಿಸಿದ. ಆಮೇಲೆ ಹೇಳಿದ:

"ಅದು ಬೇಡದ್ದಾಗಿರಲಿಲ್ಲ ತಾಯಿ. ನನಗೆ ಗೊತ್ತಿಲ್ಲದ್ದಾಗಿತ್ತು. ನಿಮ್ಮ ಅಮ್ಮನ ನಾಲಿಗೆ ನನ್ನದಕ್ಕಿಂತ ದೊಡ್ಡದು."

ಅವಳು ಹರವುತ್ತಿದ್ದ ಕೈ ನಿಲ್ಲಿಸಿದಳು. ಅಳಲಿಲ್ಲ, ಬಯ್ಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ಆ ದಿನವೇ ಹೀಗೆ ಅಂದಿದ್ದರೆ ನಿಮಗೂ ನೆಡಲು ಬಳ್ಳಿಯ ಒಂದು ಕಡ್ಡಿ ಮುರಿದು ಕಳಿಸುತ್ತಿದ್ದೆ" ಎಂದಳು. ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ವರ್ತಕ ಘಟ್ಟ ಇಳಿದ. ಗೊತ್ತಿದ್ದವರಿಗೆಲ್ಲ ಆ ಹೆಸರು ಹೇಳಿ ಹುಡುಕಿಸಿದ. ಕಾಡಿಗೆ ಹೋಗುವವರು ಆ ಬಳ್ಳಿ, ಈ ಬಳ್ಳಿ ಎಂದು ಹೊರೆಗಟ್ಟಲೆ ತಂದರು. ತಂದದ್ದನ್ನು ರೈತನ ಹೆಂಡತಿಗೆ ಕಳಿಸಿದ. ಅವಳು ಮೂಸಿ ನೋಡಿ ಅಲ್ಲವೆಂದು ಹಿಂದಕ್ಕೆ ಕಳಿಸಿದಳು. ಸ್ವಲ್ಪ ಕಾಲದ ನಂತರ ಹುಡುಕುವುದೂ ನಿಂತಿತು.

ಒಂದು ಹಬ್ಬದ ದಿನ ಛತ್ರದಲ್ಲಿ ಜನ ಸೇರಿದ್ದಾಗ ಹಿರಿಯರೊಬ್ಬರು ಕಷಾಯದ ಮಾತೆತ್ತಿ ವರ್ತಕನನ್ನು ಹೊಗಳಿದರು. ಅವನು ಎದ್ದು ನಿಂತ. "ನಾನು ಅದನ್ನು ತಿದ್ದಲಿಲ್ಲ, ಕೆಡಿಸಿದೆ. ಅದರಲ್ಲಿದ್ದ ಒಳ್ಳೆಯದನ್ನು ಗುರುತಿಸಲಾಗದೆ ತೆಗೆಸಿಬಿಟ್ಟೆ" ಎಂದ. ಜನ ಅದನ್ನು ವಿನಯ ಎಂದುಕೊಂಡರು. ಅಷ್ಟು ದೊಡ್ಡವನಾಗಿಯೂ ಎಷ್ಟು ತಗ್ಗಿ ನಡೆಯುತ್ತಾನೆ ನೋಡಿ ಎಂದರು. ಅಂದಿನಿಂದ ಅವನ ಮಾತಿಗೆ ಇನ್ನೂ ಹೆಚ್ಚು ಬೆಲೆ ಬಂತು. ವರ್ತಕ ಅಂಗಡಿಯನ್ನು ನಡೆಸಿಕೊಂಡು ಹೋದ. ಆದರೆ ಆಮೇಲೆ ಯಾರು ಬಟ್ಟಲು ತಂದರೂ ಅದನ್ನು ಬಾಯಿಗೆ ಹಚ್ಚಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಕಲ್ಲಯ್ಯ ಮುಂದಿನದಕ್ಕೆ ಕಾದ.

"ಗುರುಗಳೇ, ಅವಳು ಹೇಳಿದ ಆ ಬಳ್ಳಿ ಯಾವುದು? ನನಗೆ ಗೊತ್ತಾಗಲಿಲ್ಲ" ಎಂದು ಅವನು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಗೊತ್ತಾಗಲಿಲ್ಲ ಎಂಬ ಅಷ್ಟೇ ಮಾತನ್ನು ಆ ವರ್ತಕ ಅಂದು ಆಡಬೇಕಾಗಿತ್ತು."