ಮಾತಾಡದ ಗುಳಿಗೆ

ತುಂಗಭದ್ರೆಯ ದಂಡೆಯಲ್ಲಿ ಸಿದ್ಧರಾಮಪ್ಪ ಎಂಬ ಗುರುಗಳಿದ್ದರು. ನುಂಗುವ ಗುಳಿಗೆಯೊಳಗೆ ಪುಟ್ಟ ಯಂತ್ರ ಕೂರಿಸುವುದು ಅವರ ವಿದ್ಯೆ. ಗುಳಿಗೆ ಕರುಳಿನಲ್ಲಿ ಸಾಗುತ್ತ, ಕಂಡದ್ದನ್ನು ತಂತಿಯಿಲ್ಲದೆ ಹೊರಗಿನ ಪೆಟ್ಟಿಗೆಗೆ ತಿಳಿಸುತ್ತಿತ್ತು.

ಶಿಷ್ಯೆ ನೀಲಾಂಬಿಕೆ ಜಾಣೆ. ಆದರೆ ಒಂದು ಕಡೆ ಕೂತವಳಲ್ಲ. ಅನ್ನ ಬೇಯುವ ತನಕವೂ ತಡೆಯದೆ ಮುಚ್ಚಳ ತೆಗೆದು ತೆಗೆದು ನೋಡುವವಳು.

ಅವಳ ತಾಯಿ ಹಾಲವ್ವನ ಕರುಳಿನಲ್ಲೆಲ್ಲೋ ರಕ್ತ ಸೋರುತ್ತಿತ್ತು. ಎಲ್ಲಿ ಎಂಬುದು ವೈದ್ಯರಿಗೆ ಸಿಕ್ಕಿರಲಿಲ್ಲ. ಹಾಲವ್ವ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಿದ್ದಳು. ವೈದ್ಯರ ಒಪ್ಪಿಗೆ ಪಡೆದು ನೀಲಾಂಬಿಕೆ ತಾನೇ ಮಾಡಿದ ಗುಳಿಗೆಯನ್ನು ತಾಯಿಗೆ ನುಂಗಿಸಿದಳು.

ಗುಳಿಗೆ ಅರ್ಧ ದಾರಿಯಲ್ಲೇ ಸತ್ತಿತು.

“ಬ್ಯಾಟರಿ ಸಾಲ್ಲಿಲ್ಲ ಗುರುಗಳೇ.”

“ಏನು ಮಾಡಿಸ್ತಿದ್ದೆ ಅದರ ಕೈಲಿ?”

“ಉಸಿರಿಗೊಂದ್ಸಲ ಕೇಳ್ತಿದ್ದೆ, ಇದ್ದೀಯಾ ಅಂತ. ಇದ್ದೀನಿ ಅಂತಿತ್ತು.”

ಗುರುಗಳು ಚಾಪೆ ಹಾಸಿದರು. “ಸೋತು ಹೋಗಿದ್ದೀಯ. ಮಲಕ್ಕೋ.”

ಅವಳಿಗೆ ಕಣ್ಣು ಹತ್ತುವಷ್ಟರಲ್ಲಿ ಭುಜ ತಟ್ಟಿದರು. “ನಿದ್ದೆ ಬಂತೇನವ್ವಾ?”

“ಬರ್ತಿತ್ತು.”

ಮತ್ತೆ ಕಣ್ಣು ಮುಚ್ಚಿದಳು. ಮತ್ತೆ ತಟ್ಟಿದರು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಅವಳ ಸಿಟ್ಟು ನೆತ್ತಿಗೇರಿತು.

“ನೀವು ಕೇಳೋದು ಬಿಟ್ರೆ ಬರ್ತದೆ!” ಎಂದು ಕಿರುಚಿದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಎದ್ದು ಹೋಗಿ ಇನ್ನೊಂದು ಗುಳಿಗೆಗೆ ಕೈ ಹಾಕಿದಳು.

ಈ ಗುಳಿಗೆ ರಕ್ತ ಕಂಡರೆ ಮಾತ್ರ ಮಾತಾಡುತ್ತಿತ್ತು. ಇಲ್ಲವಾದರೆ ಸದ್ದಿಲ್ಲ. ಆದರೂ ಮನಸ್ಸು ತಡೆಯದೆ, ಅದನ್ನು ಕೂಗಿ ಎಬ್ಬಿಸಲು ಪೆಟ್ಟಿಗೆಯ ಮೇಲೆ ಗುಂಡಿಯೊಂದನ್ನು ಉಳಿಸಿಕೊಂಡಳು.

ಹಾಲವ್ವ ಗುಳಿಗೆ ನುಂಗಿ ಅಡ್ಡಾದಳು. ಗುರುಗಳೂ ಬಂದು ಪಕ್ಕದಲ್ಲಿ ಕೂತರು. ಪೆಟ್ಟಿಗೆ ಸುಮ್ಮನಿತ್ತು.

ನೀಲಾಂಬಿಕೆ ಕೂತಳು, ಎದ್ದಳು, ಹೊಳೆಯ ತನಕ ಹೋಗಿ ಓಡಿ ಬಂದಳು. ಪೆಟ್ಟಿಗೆ ಸುಮ್ಮನೇ ಇತ್ತು.

“ನೀ ಒಂದ್ಕಡೆ ಕೂತ್ರೆ ನನ್ನ ಅರ್ಧ ಕಾಯಿಲೆ ಹೋಗ್ತದೆ ಮಗಳೇ,” ಎಂದಳು ಹಾಲವ್ವ. ದನಿ ಸಣ್ಣಗಾಗಿತ್ತು. ಆ ದನಿ ಕೇಳಿ ನೀಲಾಂಬಿಕೆಗೆ ಭಯ ಇಮ್ಮಡಿಯಾಯಿತು. ಬೆರಳು ಗುಂಡಿಯ ಮೇಲೆ ಹೋಯಿತು.

“ಒಂದೇ ಒಂದು ಸಲ ಕೂಗ್ತೀನಿ ಗುರುಗಳೇ.”

“ನಿನ್ನ ಒಂದು ಸಲ ನನಗೆ ಗೊತ್ತಿಲ್ವಾ?”

“ಇದೂ ಸತ್ತಿದ್ರೆ?”

“ಸತ್ತಿದ್ರೆ, ನೀನು ಕೂಗಿದ್ಕೆ ಎದ್ದು ಬರ್ತದಾ?”

“ಇಲ್ಲ.”

“ಬದುಕಿದ್ರೆ?”

ಅವಳು ತಾಯಿಯ ಕಡೆ ನೋಡಿದಳು. “ಇರೋ ಶಕ್ತೀನೂ ಕಳಕೊಳ್ತದೆ.”

ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಗುರುಗಳು ಅದನ್ನು ಹಿಡಿಯಲಿಲ್ಲ, ಪೆಟ್ಟಿಗೆಯನ್ನೂ ಸರಿಸಲಿಲ್ಲ.

“ಹಂಗಾದ್ರೆ ಯಾರ ಸಲುವಾಗಿ ಕೂಗ್ತೀಯವ್ವಾ?”