ಹೊಳೆದಂಡೆಯ ರಾಶಿಗೆ ಸೆರಗೊಡ್ಡಿದ ಗಾಳೆವ್ವ

ಬಹಳ ಹಿಂದೆ, ಹೊಳೆದಂಡೆಯ ಒಂದು ಊರಿನಲ್ಲಿ ಗಾಳೆವ್ವ ಅಂತ ಒಬ್ಬ ಅಂಬಿಗರ ಹೆಂಗಸಿದ್ದಳಂತೆ. ಯಾವ ರಾಜನ ಕಾಲ ಅಂತ ಕೇಳಬೇಡಿ. ರಾಜರ ಹೆಸರು ನೆನಪಿಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಅವರು ಕಲ್ಲು ಕೆತ್ತಿಸಿಕೊಂಡಿದ್ದಾರೆ. ಗಾಳೆವ್ವನ ಹೆಸರು ಇರುವುದು ನಮ್ಮ ಬಾಯಲ್ಲಿ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

ಗಂಡ ಸತ್ತ ಮೇಲೆ ಅವನ ಹರಿಗೋಲನ್ನು ಅವಳೇ ಹಾಕುತ್ತಿದ್ದಳಂತೆ. ತೋಳು ಹುಟ್ಟಿನಷ್ಟೇ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ ಅಂತಾರೆ. ತುಂಬಿದ ಹೊಳೆಗೆ ಅವಳು ನಿಂತು ಬೈದರೆ ಹೊಳೆ ಒಂದು ಗೇಣು ಇಳಿಯುತ್ತಿತ್ತು ಅಂತಾರೆ. ನಂಬುವವರು ನಂಬಿ.

ಹೊಳೆಯ ಈ ದಡಕ್ಕೆ ಒಬ್ಬ ರಾಜ, ಆ ದಡಕ್ಕೆ ಒಬ್ಬ ರಾಜ. ಇಬ್ಬರಿಗೂ ಜಗಳ ಹತ್ತಿತು. ಯಾಕೆ ಹತ್ತಿತು ಅಂತ ಸತ್ತವರಿಗೂ ತಿಳಿಯಲಿಲ್ಲ, ಬದುಕಿದವರಿಗೂ ತಿಳಿಯಲಿಲ್ಲ. ಊರುಗಳಿಗೆ ಬೆಂಕಿ ಬಿತ್ತು, ಗಂಡಸರು ಈಟಿಗೆ ಬಿದ್ದರು. ಆ ದಡದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊಳೆಗಿಳಿದು, ಹೇಗೋ ನಡುಗಡ್ಡೆಯವರೆಗೆ ಬಂದು ಮುಟ್ಟಿದರು. ಮುಂದೆ ಬರೋಣವೆಂದರೆ ಈ ದಡದ ಕಾವಲಿನವರು, ನೀವು ವೈರಿಯ ಜನ ಅಂದರು. ಹಿಂದೆ ಹೋಗೋಣವೆಂದರೆ ಆ ದಡದ ಕಾವಲಿನವರು, ನೀವು ಓಡಿಹೋದ ದ್ರೋಹಿಗಳು ಅಂದರು. ಗಡ್ಡೆಯ ಮೇಲೆ ಇದ್ದದ್ದು ಮರಳು, ಜೇಕು ಹುಲ್ಲು, ಬಿಸಿಲು. ಜೇಕಿನ ಬೇರು ಅಗೆದು ತಿಂದರು. ಅದೂ ಮುಗಿಯಿತು.

ಗಾಳೆವ್ವ ತನ್ನ ಮಗಳು ಮಾಳವ್ವನನ್ನು ಆ ದಡದ ಊರಿಗೇ ಕೊಟ್ಟಿದ್ದಳು. ಅವಳೂ ಹಸಿಗೂಸು ಎತ್ತಿಕೊಂಡು ಆ ಗಡ್ಡೆಯ ಮೇಲಿದ್ದಳು. ದಂಡೆಯಲ್ಲಿ ನಿಂತರೆ ಮಗಳ ಸೀರೆಯ ಬಣ್ಣ ಕಾಣುತ್ತಿತ್ತಂತೆ. ಅವಳಿಂದ ಕಸಿದುಕೊಂಡ ಹರಿಗೋಲು ಮಾತ್ರ ಕಾವಲಿನವರ ನಡುವೆ ಬೋರಲು ಬಿದ್ದಿತ್ತು.

ಸುತ್ತಲ ದೇಶಗಳ ರಾಜರಿಗೆ ಸುದ್ದಿ ಹೋಯಿತು. ಅವರಿಗೆ ಬಹಳ ದುಃಖವಾಯಿತಂತೆ. ದುಃಖವಾಗಿದೆ ಅಂತ ಡಂಗುರ ಹೊಡೆಸಿದರಂತೆ. ಈ ದಡದವರ ಈಟಿ ಕಾದದ್ದು ಅದೇ ರಾಜರ ಕುಲುಮೆಯಲ್ಲಿ, ಆ ದಡದವರ ಈಟಿ ಕಾದದ್ದೂ ಅಲ್ಲೇ. ಅದನ್ನು ಮಾತ್ರ ಡಂಗುರದವನು ಸಾರಲಿಲ್ಲ.

ಒಂದೊಂದು ದೇಶದಿಂದ ಒಬ್ಬೊಬ್ಬ ರಾಯಭಾರಿ ಬಂದ. ಬಂಡಿಗಟ್ಟಲೆ ಜೋಳ ಬಂತು. ಸುಳ್ಳು ಹೇಳಬಾರದು, ಒಳ್ಳೆಯ ಜೋಳವೇ ಬಂತು. ದಂಡೆಯ ಮೇಲೆ ಡೇರೆಗಳೆದ್ದವು. ಬೆಳಿಗ್ಗೆ ಸಭೆ, ಮಧ್ಯಾಹ್ನ ಹೋಳಿಗೆ, ಸಂಜೆ ಮತ್ತೆ ಸಭೆ. ಜೋಳ ಹೊತ್ತ ಮೊದಲ ಹರಿಗೋಲಿನ ಮೇಲೆ ಯಾರ ಬಾವುಟ ಇರಬೇಕು, ಇದೊಂದೇ ಮಾತು. ಹೆಚ್ಚು ಕೊಟ್ಟವನು ನಾನು ಅಂತ ಒಬ್ಬ, ಮೊದಲು ಬಂದವನು ನಾನು ಅಂತ ಇನ್ನೊಬ್ಬ. ಗಾಳಿ ಇತ್ತ ಬೀಸಿದಾಗ ಗಡ್ಡೆಯ ಕೂಸುಗಳ ಅಳು ಕೇಳುತ್ತಿತ್ತಂತೆ. ಆಗ ಅವರು ಏನು ಮಾಡಿದರು ಗೊತ್ತೇ? ಡೇರೆಯ ಪರದೆ ಇಳಿಸಿಕೊಂಡರು. ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಗಾಳೆವ್ವ ಡೇರೆಯ ಬಾಗಿಲಿಗೆ ಹೋಗಿ, ಗಡ್ಡೆಯ ಮೇಲೆ ನನ್ನ ಮಗಳಿದ್ದಾಳೆ, ಹರಿಗೋಲು ಬಿಡಿಸಿಕೊಡಿ ಅಂದಳು. ರಾಯಭಾರಿಗಳಲ್ಲಿ ಹಿರಿಯನಾದವನು ಬಹಳ ಮೆತ್ತಗೆ ಮಾತಾಡಿದನಂತೆ. ನಿನ್ನ ಮಗಳೊಬ್ಬಳನ್ನು ಸದ್ದಿಲ್ಲದೆ ಕರೆದುಕೊಂಡು ಬಂದುಬಿಡವ್ವಾ, ಕಾವಲಿನವರಿಗೆ ನಾನು ಹೇಳುತ್ತೇನೆ, ಉಳಿದವರ ಮಾತುಕತೆ ನಡೆದಿದೆ ಅಂದನಂತೆ.

"ಆಕಿ ಒಬ್ಬಾಕಿನ್ನ ಹತ್ತಿಸ್ಕೊಂಡು, ಉಳಿದಾವರು ಹರಿಗೋಲಿನ ಅಂಚು ಹಿಡದ್ರ ಅವರ ಬೆರಳಿನ ಮ್ಯಾಲೆ ಹುಟ್ಟಿನಿಂದ ಹೊಡೀಬೇಕೇನ್ರೀ ಯಪ್ಪಾ?" ಅಂದಳಂತೆ ಗಾಳೆವ್ವ. "ಆ ಕೆಲಸಕ್ಕ ನಿಮ್ಮ ಪೈಕಿ ಒಬ್ಬರು ಬರ್ರಿ. ನಿಮಗ ರೂಢಿ ಐತಿ."

ಬಾವುಟದ ಜಗಳ ಮುಗಿಯಲಿಲ್ಲ. ಆದರೆ ದಾನ ಜಗತ್ತಿಗೆ ಕಾಣಬೇಕಲ್ಲ? ಚೀಲದಲ್ಲಿದ್ದರೆ ಜೋಳ ಕಣ್ಣು ತುಂಬುವುದಿಲ್ಲ ಅಂತ ಎಲ್ಲ ಚೀಲ ಬಿಚ್ಚಿಸಿ, ದಂಡೆಯ ಮೇಲೆ ಗುಡ್ಡದಂಥ ಒಂದೇ ರಾಶಿ ಸುರಿಸಿದರು. ಮೇಲೆ ಎಲ್ಲರ ಬಾವುಟ ಚುಚ್ಚಿದರು. ಊರಿನವರನ್ನೆಲ್ಲ ಕರೆಸಿ, ರಾಶಿ ಪೂಜೆ ಮಾಡಿರಿ ಅಂದರು. ಅಲ್ಲೇ ಅವರು ಎಡವಿದ್ದು. ಪೂಜೆಯಾದ ರಾಶಿಯ ಮುಂದೆ ಸೆರಗೊಡ್ಡಿದವರನ್ನು ನಮ್ಮ ಕಡೆ ಬರಿಗೈಲಿ ಕಳಿಸುವಂತಿಲ್ಲ, ವೈರಿಯೇ ಬಂದು ನಿಂತರೂ ಕಳಿಸುವಂತಿಲ್ಲ. ಹೆಂಗಸಿನ ಉಡಿಗೆ ಬಿದ್ದ ಕಾಳನ್ನು ಯಾವ ಗಂಡಸೂ ಮುಟ್ಟುವಂತಿಲ್ಲ.

ಕಾಯಿ ಒಡೆಯಿತು, ಕರ್ಪೂರ ಬೆಳಗಿತು. ಗಾಳೆವ್ವ ಮುಂದೆ ಬಂದು ಸೆರಗೊಡ್ಡಿ ನಿಂತಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ನಿಂತರು.

ರಾಯಭಾರಿಗಳ ಜೊತೆಗೆ ಬಂದಿದ್ದ ಪುರೋಹಿತ ಹಾರಿಬಿದ್ದನಂತೆ. ಗಂಡ ಸತ್ತವಳಿಗೆ ಉಡಿ ತುಂಬುವ ಶಾಸ್ತ್ರ ಎಲ್ಲಿದೆ, ಹಿಂದೆ ಸರಿ ಅಂದನಂತೆ.

"ಗಡ್ಡಿ ಮ್ಯಾಲೆ ಕುಂತಾವರು ಯಾರು ಅಂತ ತಿಳಿದೀರಿ?" ಅಂತ ಗಾಳೆವ್ವ ಕೂಗಿದಳಂತೆ. "ಎಲ್ಲಾರೂ ನನ್ನಂಗ ಮುಂಡೇರ. ನಿಮ್ಮ ಈಟಿ ಅವರ ಗಂಡಂದಿರ ಎದಿ ಸೀಳುವಾಗ ನಿಮ್ಮ ಶಾಸ್ತ್ರ ಎಲ್ಲಿ ಮಲಗಿತ್ತು? ತುಂಬ್ರವ್ವಾ!"

ಹೆಂಗಸರು ಮೊರ ಹಿಡಿದು ರಾಶಿಗೆ ಬಿದ್ದರು. ಒಬ್ಬ ಮುದುಕಿ ಹಿರಿಯ ರಾಯಭಾರಿಯ ಮುಂದೆ ಹೋಗಿ, "ದೊರಿಗಳ, ನಿಮ್ಮ ಬಾವುಟ ಒಂದೀಟು ಸರಸ್ರಿ, ಮೊರಕ್ಕ ಅಡ್ಡ ಬರತಾವು" ಅಂದಳಂತೆ. ಜನ ನಕ್ಕರು. ರಾಶಿ ಕರಗಿದಂತೆ ಬಾವುಟಗಳು ಒಂದೊಂದೇ ವಾಲಿ ಬಿದ್ದವು. ಹಿಡೀರಿ ಅವರನ್ನ ಅಂತ ರಾಯಭಾರಿಗಳು ಕಿರುಚಿದರು. ಕಾವಲಿನವರೂ ಒಕ್ಕಲು ಮಕ್ಕಳೇ, ರಾಶಿಯ ಮುಂದೆ ಬೆಳೆದವರೇ. ಉಡಿಗೆ ಕೈ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಬೋರಲು ಬಿದ್ದ ಹರಿಗೋಲನ್ನು ಅವರೇ ಎತ್ತಿಕೊಟ್ಟರು ಅಂತಾರೆ. ಆ ದಿನ ಹೊಳೆಯೇ ಹರಿಗೋಲನ್ನು ಹೆಗಲ ಮೇಲೆ ಹೊತ್ತೊಯ್ದಿತು ಅಂತಲೂ ಅಂತಾರೆ.

ಗಡ್ಡೆ ಮುಟ್ಟಿದಾಗ ಮಾಳವ್ವ ಎದ್ದು ಬರಲಿಲ್ಲ. ತೊಡೆಯ ಮೇಲೆ ಕೂಸು ಇತ್ತು. ಕೂಸಿನ ಮುಖದ ಮೇಲೆ ಸೆರಗು ಮುಚ್ಚಿತ್ತು.

"ನಿನ್ನಿ ಬರಬೇಕಿತ್ತು ಯವ್ವಾ" ಅಂದಳಂತೆ ಮಾಳವ್ವ. ಅಷ್ಟೇ ಅಂದಳಂತೆ.

ಗಾಳೆವ್ವ ಅಲ್ಲಿ ಕೂತು ಅಳಲಿಲ್ಲ. ಉಡಿ ಸುರುವಿ, ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಹರಿಗೋಲು ತಿರುಗಿಸಿದಳು. ಮತ್ತೆ ಹೋದಳು, ಮತ್ತೆ ತಂದಳು. ಗಡ್ಡೆಯ ಮೇಲೆ ಜೋಳದ ಗುಗ್ಗರಿ ಬೆಂದಿತು. ಹೋಗುವಾಗ ಹರಿಗೋಲಿನಲ್ಲಿ ಹೆಂಗಸರು ಕಡಿಮೆ, ಬರುವಾಗ ಹೆಚ್ಚು. ಕಾವಲಿನವರು ಎಣಿಸಲಿಲ್ಲ ಅಂತಾರೆ.

ರಾಯಭಾರಿಗಳು ತಮ್ಮ ತಮ್ಮ ದೇಶಕ್ಕೆ ಹೋಗಿ, ಹಸಿದವರಿಗೆ ಅನ್ನ ಹಾಕಿ ಬಂದೆವು ಅಂತ ಮೆರವಣಿಗೆ ಮಾಡಿಸಿಕೊಂಡರು. ಕುಲುಮೆಗಳು ಮತ್ತೆ ಉರಿದವು. ಗಾಳೆವ್ವನನ್ನು ಹೊಳೆ ಒಯ್ದಿತು ಅಂತ ಕೆಲವರು, ಯಾರೋ ಈಟಿ ಎಸೆದರು ಅಂತ ಕೆಲವರು. ಎಸೆದದ್ದು ಯಾವ ದಡದವರೋ, ಈಟಿಯಂತೂ ಅದೇ ಕುಲುಮೆಯದು.

ಆ ಹೊಳೆದಂಡೆಯ ಊರುಗಳಲ್ಲಿ ಈಗಲೂ ರಾಶಿಯಾದರೆ ಮೊದಲು ಕಾಳು ಕೊಡುತ್ತಾರೆ, ಆಮೇಲೆ ಕರ್ಪೂರ ಹಚ್ಚುತ್ತಾರೆ. ಮೊದಲ ಮೊರ ಗಂಡ ಸತ್ತವಳ ಉಡಿಗೆ. ನಿನ್ನದು ಯಾವ ದಡ ಅಂತ ಕೇಳುವುದಿಲ್ಲ. ಯಾವನಾದರೂ ದೊಡ್ಡ ಮನುಷ್ಯ, ತಡೆಯಿರಿ, ಪೂಜೆ ಒಂದು ಮುಗಿಯಲಿ ಅಂದರೆ ಸಾಕು, ಮುದುಕಿಯರು ಕೈಲಿದ್ದ ಮೊರದ ಸಮೇತ ಅವನ ಮೇಲೆ ಹೋಗುತ್ತಾರೆ.

"ಮಾಳವ್ವನ ಕೂಸು ತಡೀಲಿಲ್ಲೋ ಮೂಳಾ, ಸರಿ ಅತ್ತಾಗ!"